ದೂರನಿಯಂತ್ರಣದ ತಂತಿ: ದೇವದುರ್ಗದ ಎರೆಸೀಮೆಯಲ್ಲಿ ಕೇಬಲಿನ ಆಯ್ಕೆ

ಕೃಷ್ಣಾನದಿಗೆ ನಾರಾಯಣಪುರದಲ್ಲಿ ಕಟ್ಟಿರುವ ಬಸವಸಾಗರದಿಂದ ಎರಡು ಕಾಲುವೆಗಳು ಹೊರಡುವುವು. ಬಲದಂಡೆಯದು ಲಿಂಗಸುಗೂರು, ದೇವದುರ್ಗ ತಾಲ್ಲೂಕುಗಳಿಗೆ ನೀರೂಡುವುದು. ಎಡದಂಡೆಯ ಕಾಲುವೆಯ ವಿಸ್ತರಣ ನವೀಕರಣಗಳ ಯೋಜನೆಯು ೨೦೨೩ನೆಯ ಇಸವಿಯ ಜನವರಿಯಲ್ಲಿ ಲೋಕಾರ್ಪಣೆಗೊಂಡಿತು. ನೀರಿನ ಮಟ್ಟವನ್ನು ದೂರದಿಂದಲೇ ಅರಿತು, ತೂಬುಗಳನ್ನು ಅಲ್ಲಿಂದಲೇ ಏರಿಸಿ ಇಳಿಸುವ ‘ಸ್ಕಾಡಾ’ ಎಂಬ ಏರ್ಪಾಡು ಆ ಕಾಲುವೆಗೆ ಬಂದಿದೆ. ಇಂತಹ ಏರ್ಪಾಡಿನಲ್ಲಿ ಸಂದೇಶವು ಕೆಟ್ಟರೆ ಅದರ ಫಲವನ್ನು ಉಣ್ಣುವವನು ಕಾಲುವೆಯ ಕೊನೆಯಂಚಿನ ರೈತನು. ನಿಲ್ದಾಣಗಳ ನಡುವೆ ರೇಡಿಯೋ ಅಲೆಗಳಿಂದಲೂ ಕೆಲಸ ನಡೆಸಬಹುದು. ಆದರೆ ಮಾಪಕದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ತೂಬಿನ ಯಂತ್ರಕ್ಕೆ ತಂತಿಯು ಬೇಕೇ ಬೇಕು. ಆ ತಂತಿಯನ್ನು ಆರಿಸುವ ಬಗೆಯು ಇಲ್ಲಿ ವಿಚಾರಕ್ಕೆ ವಿಷಯವಾಗಿದೆ.

ದೀಪಕ್ಕೆ ಹೋಗುವ ತಂತಿಯಲ್ಲಿ ಒಂದೆರಡು ವೋಲ್ಟು ಹೆಚ್ಚುಕಡಮೆಯಾದರೆ ಯಾರಿಗೂ ತಿಳಿಯದು. ಸಂದೇಶದ ತಂತಿಯ ಸ್ವಭಾವವು ಬೇರೆ. ಅಮೆರಿಕದಲ್ಲಿ ೧೯೮೩ರಲ್ಲಿ ಗೊತ್ತುಮಾಡಿದ, ಇಂದಿಗೂ ಕೈಗಾರಿಕೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಆರ್‌ಎಸ್-೪೮೫ ಎಂಬ ಪದ್ಧತಿಯಲ್ಲಿ, ಎರಡು ತಂತಿಗಳ ನಡುವೆ ೦.೨ ವೋಲ್ಟಿನಷ್ಟು ವ್ಯತ್ಯಾಸವಿದ್ದರೂ ಗ್ರಾಹಕವು ಅದನ್ನು ಸಂದೇಶವೆಂದು ಓದುವುದು. ಆದುದರಿಂದ ಎರಡನ್ನೂ ಒಂದರೊಡನೊಂದು ಹೊಸೆಯುವರು. ಹೊರಗಿನ ಗದ್ದಲವು ಎರಡಕ್ಕೂ ಸಮವಾಗಿ ತಾಗುವುದು; ಗ್ರಾಹಕವಾದರೋ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಟೆಲಿಫೋನಿನ ಗ್ರಹಾಂ ಬೆಲ್ಲನು ೧೮೮೧ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಹತ್ತಿಯ ಸೀಮೆಯವರಿಗೆ ಇದನ್ನು ‘ಹುರಿತಂತಿ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಪರಿಭಾಷೆಯನ್ನು ಕಟ್ಟುವವರು ಪದಕ್ಕಾಗಿ ದೂರ ಹೋಗಬೇಕಾಗಿಲ್ಲ. ನೂಲಿನಲ್ಲಿ ಹುರಿಯು ಬಲಕ್ಕಾಗಿ, ಇಲ್ಲಿ ಸಮತೆಗಾಗಿ ಎಂಬಷ್ಟೇ ಭೇದ.

ಮಟ್ಟವನ್ನಳೆಯುವ ಮಾಪಕಗಳಲ್ಲಿ ಇದಕ್ಕಿಂತ ಹಳೆಯ ಕ್ರಮವೊಂದುಂಟು. ತಂತಿಯಲ್ಲಿ ೪ ಮಿಲಿಆಂಪಿಯರ್ ಹರಿದರೆ ಕಾಲುವೆ ಬರಿದು, ೨೦ ಹರಿದರೆ ತುಂಬಿದೆ ಎಂದರ್ಥ. ಬರಿದಾದುದಕ್ಕೆ ಸೊನ್ನೆಯನ್ನೇ ಏಕೆ ಇಡಲಿಲ್ಲವೆಂದರೆ, ತಂತಿ ಕಡಿದಾಗಲೂ ಸೊನ್ನೆಯೇ ಬರುವುದು. ನೀರಿಲ್ಲವೆಂಬುದಕ್ಕೂ ಸುದ್ದಿಯಿಲ್ಲವೆಂಬುದಕ್ಕೂ ಇರುವ ಅಂತರವನ್ನು ಈ ನಾಲ್ಕು ಮಿಲಿಆಂಪಿಯರ್ ಕಾಯುವುದು.

ಇನ್ನು ಪ್ರತಿಫಲನದ ಮಾತು. ತೂಬನ್ನು ಫಕ್ಕನೆ ಮುಚ್ಚಿದರೆ ನೀರಿನ ಅಲೆಯು ಹಿಂದಕ್ಕೆ ಮರಳುವುದಷ್ಟೆ? ತಂತಿಯ ಕೊನೆಯಲ್ಲಿ ಸಂದೇಶವೂ ಹಾಗೆಯೇ ಮರಳಿ ಬಂದು, ಹಿಂದೆ ಬರುತ್ತಿರುವ ಸಂದೇಶದೊಡನೆ ಬೆರೆಯುವುದು. ಆರ್‌ಎಸ್-೪೮೫ಕ್ಕೆಂದು ಮಾಡಿದ ಹುರಿತಂತಿಗೆ ಅದರ ರಚನೆಯಿಂದಲೇ ಬರುವ ಸಹಜ ಪ್ರತಿರೋಧವು ೧೨೦ ಓಮ್. ಸಾಲಿನ ಎರಡು ಕೊನೆಗಳಲ್ಲಿಯೂ ಅಷ್ಟೇ ಪ್ರತಿರೋಧವನ್ನು ಕೂಡಿಸಿದರೆ ಅಲೆಯು ಅಲ್ಲಿಯೇ ಅಡಗುವುದು. ಪ್ರತಿರೋಧ ಗೊತ್ತಿಲ್ಲದ ತಂತಿಯನ್ನು ಅಗ್ಗವೆಂದು ಕೊಂಡವನಿಗೆ ಈ ಹೊಂದಾಣಿಕೆ ಸಾಧ್ಯವಿಲ್ಲ. ಈ ಪದ್ಧತಿಯಲ್ಲಿ ಒಂದು ಸಾಲು ಸುಮಾರು ೧೨೦೦ ಮೀಟರು ಹೋಗಬಹುದು. ಅಷ್ಟು ದೂರ ಹೋಗಿ ಮರಳಲು ಸಂದೇಶಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ೧೨ ಪಾಲು ಕಾಲ ಹಿಡಿಯುವುದು. ಸೆಕೆಂಡಿಗೆ ೯೬೦೦ ಸಂಜ್ಞೆಗಳ ವೇಗದಲ್ಲಿ ಒಂದೊಂದು ಸಂಜ್ಞೆಯೂ ಅಂತಹ ೧೦೪ ಪಾಲು ನಿಲ್ಲುವುದರಿಂದ ಮರುದನಿಯು ಅಡಗಲು ಅವಕಾಶವುಂಟು. ೧,೧೫,೨೦೦ರ ವೇಗದಲ್ಲಾದರೆ ೯ ಪಾಲೂ ಇಲ್ಲ. ತೂಬು ಏರಲು ನಿಮಿಷಗಳೇ ಹಿಡಿಯುವಾಗ ಸಂದೇಶಕ್ಕೆ ಆ ಆತುರವೇಕೆ?

ಗದ್ದಲವೇ ಮುಖ್ಯ ಶತ್ರುವಾಗಿರುವ ಸ್ಥಳವನ್ನು ನೋಡಬೇಕಾದರೆ ಇದೇ ಜಿಲ್ಲೆಯ ಶಕ್ತಿನಗರವನ್ನು ನೆನೆಯಬಹುದು. ೧೯೮೫ರಲ್ಲಿ ಮೊದಲ ಘಟಕದಿಂದ ಆರಂಭವಾಗಿ ಎಂಟು ಘಟಕಗಳಾಗಿ ಬೆಳೆದ ಶಾಖೋತ್ಪನ್ನ ವಿದ್ಯುತ್ಕೇಂದ್ರ ಅಲ್ಲಿಯದು. ಅಂತಹ ಕಡೆ ದೊಡ್ಡ ಮೋಟಾರುಗಳ ತಂತಿಗಳಿಂದ ಸಂದೇಶದ ತಂತಿಯನ್ನು ದೂರವಿಟ್ಟು, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ, ಹುರಿಯ ಮೇಲೆ ಲೋಹದ ಹಾಳೆ, ಹೆಣಿಗೆಗಳ ಕವಚವನ್ನು ಹೊದಿಸಬೇಕು. ಸಾಧಾರಣ ಪಿವಿಸಿ ಹೊದಿಕೆ ಉರಿದರೆ ಆಮ್ಲದ ಹೊಗೆ ಏಳುವುದರಿಂದ, ಬೆಂಕಿಯನ್ನು ಹರಡದ, ಹೊಗೆ ಕಡಮೆಯಾದ ಹೊದಿಕೆಯೇ ಅಲ್ಲಿಗೆ ಯೋಗ್ಯ.

ಕಾಲುವೆಯ ಮೇಲೆ ಶತ್ರುವು ಬೇರೆ, ಅದು ಭೂಮಿಯೇ. ಎರಡು ನಿಲ್ದಾಣಗಳ ನೆಲವು ವಿದ್ಯುತ್ತಿನ ದೃಷ್ಟಿಯಲ್ಲಿ ಒಂದೇ ಮಟ್ಟದಲ್ಲಿರುವುದಿಲ್ಲ. ಆರ್‌ಎಸ್-೪೮೫ರ ಗ್ರಾಹಕವು ಋಣ ೭ರಿಂದ ಧನ ೧೨ ವೋಲ್ಟಿನವರೆಗೆ ಈ ಭೇದವನ್ನು ತಾಳಿಕೊಳ್ಳುವುದು. ಎರಡು ತಂತಿ ಸಾಕೆಂಬ ನಂಬಿಕೆಯು ಇಲ್ಲಿಯೇ ಮೋಸಹೋಗುವುದು. ಭೇದವನ್ನು ಹಿಡಿತದಲ್ಲಿಡಲು ಮೂರನೆಯದೊಂದು ಬೇಕು. ಕವಚವನ್ನು ಎರಡು ಕಡೆಯೂ ನೆಲಕ್ಕೆ ಕಟ್ಟಿದರೆ ಅದೇ ಪ್ರವಾಹಕ್ಕೆ ದಾರಿಯಾದೀತು. ಮುಂಗಾರಿನ ಮೊದಲ ಗುಡುಗಿನಲ್ಲಿ ಸಮೀಪದಲ್ಲಿ ಸಿಡಿಲು ಬಿದ್ದರಂತೂ ಆ ನೆಲದ ಮಟ್ಟವು ಸಾವಿರಾರು ವೋಲ್ಟು ಏರಬಹುದು. ತಾಮ್ರವು ಅದನ್ನು ನಿಷ್ಠೆಯಿಂದ ಮುಂದಿನ ಪೆಟ್ಟಿಗೆಗೆ ಒಯ್ಯುವುದು. ಗಾಜಿನೆಳೆಯಲ್ಲಿ ಹೋಗುವುದು ಬೆಳಕು. ಅದಕ್ಕೆ ಸಿಡಿಲಿನ ಹಂಗಿಲ್ಲ. ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮರು ೧೯೬೬ರಲ್ಲಿ, ಗಾಜನ್ನು ಶುದ್ಧಮಾಡಿದರೆ ಬೆಳಕನ್ನು ದೂರಕ್ಕೆ ಕಳುಹಬಹುದೆಂದು ತೋರಿಸಿದರು. ಕಾವ್‌ಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಂದಿನ ಎಳೆಯ ಗರ್ಭವು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗೂ ಕಿರಿದು; ಸಂದೇಶವು ಅದರಲ್ಲಿ ನಡುವೆ ವರ್ಧಕವಿಲ್ಲದೆ ಹತ್ತಾರು ಕಿಲೋಮೀಟರು ನಡೆಯುವುದು. ಕಡಿದರೆ ಬೆಸೆಯಲು ಯಂತ್ರವೂ ನುರಿತ ಕೈಯೂ ಬೇಕೆಂಬ ದೋಷ ಅದಕ್ಕುಂಟು. ಆದರೂ ನಿಲ್ದಾಣದಿಂದ ನಿಲ್ದಾಣಕ್ಕೆ ಗಾಜು, ನಿಲ್ದಾಣದೊಳಗೆ ತಾಮ್ರ ಎಂಬ ವಿಭಾಗವೇ ಯುಕ್ತವಾಗಿ ತೋರುವುದು.

ಉಳಿದುದು ಎರೆಮಣ್ಣಿನ ವಿಷಯ. ಮಳೆಗೆ ಉಬ್ಬಿ, ಬೇಸಗೆಗೆ ಬಿರಿಯುವ ಈ ಮಣ್ಣು ತನ್ನೊಳಗೆ ಹೂಳಿದುದನ್ನು ವರ್ಷವರ್ಷವೂ ಎಳೆದಾಡುವುದು. ಹೆಗ್ಗಣಗಳ ಹಲ್ಲು ಮತ್ತೊಂದು ಕಾಟ. ಹಲ್ಲಿಗೆ ಉಕ್ಕಿನ ಕವಚವು ಮದ್ದು. ಆದರೆ ಉಕ್ಕು ಸಿಡಿಲನ್ನು ಮತ್ತೆ ಒಳಗೆ ಕರೆಯುವುದು, ಗಾಜನ್ನು ಆರಿಸಿದ ಉದ್ದೇಶವೇ ಕೆಡುವುದು. ಆದುದರಿಂದ ಲೋಹವಿಲ್ಲದ ಗಾಜಿನ ಕೇಬಲನ್ನು ದಪ್ಪನೆಯ ಪಾಲಿಥೀನ್ ಕೊಳವೆಯೊಳಗೆ ಹಾಯಿಸುವುದು ಮೇಲು. ಮಣ್ಣಿನ ಎಳೆತವನ್ನು ಕೊಳವೆಯೇ ತಾಳಿಕೊಳ್ಳುವುದು. ಉಕ್ಕಿನ ಕವಚವನ್ನೇ ಬಳಸಬೇಕಾಗಿ ಬಂದರೆ, ಅದನ್ನು ಪೆಟ್ಟಿಗೆಯ ಹೊರಗೇ ಕತ್ತರಿಸಿ ನೆಲಕ್ಕೆ ಕಟ್ಟಿ, ಎಳೆಗಳನ್ನು ಮಾತ್ರ ಒಳಕ್ಕೆ ತೆಗೆದುಕೊಳ್ಳತಕ್ಕದ್ದು. ಕೇಬಲನ್ನು ಬಿಗಿಯಾಗಿ ಎಳೆಯದೆ ಪ್ರತಿಯೊಂದು ಗುಂಡಿಯಲ್ಲಿಯೂ ಕೆಲವು ಸುತ್ತು ಹೆಚ್ಚಾಗಿ ಬಿಟ್ಟಿದ್ದರೆ, ಮುಂದೆಂದಾದರೂ ಕಡಿದಾಗ ಬೆಸೆಯುವವನಿಗೆ ಎಳೆಯು ಸಾಲದೆ ಹೋಗುವುದಿಲ್ಲ.