ನೆಟ್‌ವರ್ಕ್ ಸ್ವಿಚ್ ಆಯ್ಕೆ: ಖರೀದಿಗೆ ಮುನ್ನ ಉದ್ಯಮಿಗಳು ಅರಿಯಬೇಕಾದ ಅಂಶಗಳು

ಯಂತ್ರವೊಂದನ್ನು ಕೊಳ್ಳುವಾಗ ನಾವು ಹತ್ತು ಕಡೆ ವಿಚಾರಿಸುತ್ತೇವೆ. ಅದರ ಸಾಮರ್ಥ್ಯ, ಬಾಳಿಕೆ, ಬಿಡಿಭಾಗಗಳ ಲಭ್ಯತೆ ಎಲ್ಲವನ್ನೂ ತೂಗಿ ನೋಡುತ್ತೇವೆ. ಆದರೆ ಕಚೇರಿಯ ಗಣಕಯಂತ್ರಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ನೆಟ್‌ವರ್ಕ್ ಸ್ವಿಚ್‌ನ ವಿಷಯ ಬಂದಾಗ, "ಯಾವುದಾದರೂ ಒಂದು ಹಾಕಿಬಿಡಿ" ಎಂದು ಕೇಬಲ್ ಎಳೆಯಲು ಬಂದವರಿಗೇ ಬಿಟ್ಟುಬಿಡುತ್ತೇವೆ. ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಸ್ವಾನುಭವದಿಂದ ಕಲಿತ ಮೇಲೆ ಈ ಲೇಖನವನ್ನು ಬರೆಯುತ್ತಿದ್ದೇನೆ.

2024ರ ಮಾರ್ಚ್ 30, ಶನಿವಾರ. ಮರುದಿನ ಭಾನುವಾರವಾದ್ದರಿಂದ ನಮ್ಮ ಪಾಲಿಗೆ ಅದೇ ಆರ್ಥಿಕ ವರ್ಷದ ಕೊನೆಯ ಕೆಲಸದ ದಿನ. ನಮ್ಮ ಘಟಕದಿಂದ ಎರಡು ಲಾರಿ ಸರಕು ಹೊರಡಬೇಕಾಗಿತ್ತು. ಬೆಳಿಗ್ಗೆ 11 ಗಂಟೆಯ ಸುಮಾರಿಗೆ ಎಲ್ಲ ಗಣಕಯಂತ್ರಗಳಲ್ಲಿಯೂ ಬಿಲ್ಲಿಂಗ್ ತಂತ್ರಾಂಶ ಏಕಕಾಲಕ್ಕೆ ಸ್ತಬ್ಧವಾಯಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಸರಕಿನೊಡನೆ ಇ-ವೇ ಬಿಲ್ ಕೂಡ ಇರಬೇಕು. ಇವೆರಡೂ ಇಲ್ಲದೆ ಲಾರಿ ಗೇಟು ದಾಟುವಂತಿರಲಿಲ್ಲ. ಮೊಬೈಲಿನ ಇಂಟರ್‌ನೆಟ್ ಬಳಸೋಣವೆಂದರೆ ಬಿಲ್ಲಿನ ವಿವರಗಳೆಲ್ಲ ಸರ್ವರ್‌ನಲ್ಲಿಯೇ ಉಳಿದಿದ್ದವು.

ಇಂಟರ್‌ನೆಟ್ ಸಂಪರ್ಕದವರಿಗೆ ದೂರು ನೀಡಿದೆವು, ರೂಟರ್ ಬದಲಿಸಿದೆವು, ಸರ್ವರನ್ನು ಮೂರು ಬಾರಿ ನಿಲ್ಲಿಸಿ ಚಾಲನೆ ಮಾಡಿದೆವು. ಸಂಜೆ ಬಂದ ತಂತ್ರಜ್ಞರು ಮೊದಲು ನೋಡಿದ್ದು ಸ್ವಿಚ್‌ನ ದೀಪಗಳನ್ನು. ಎಲ್ಲವೂ ಒಟ್ಟಿಗೆ, ಬಿಡುವಿಲ್ಲದೆ ಮಿನುಗುತ್ತಿದ್ದವು. ಬೆಳಿಗ್ಗೆ ಮೇಜು ಸರಿಸಿದಾಗ ನೆಲಕ್ಕೆ ಬಿದ್ದಿದ್ದ ಕೇಬಲ್‌ನ ತುದಿಯೊಂದನ್ನು ಯಾರೋ ಸದುದ್ದೇಶದಿಂದಲೇ ಸ್ವಿಚ್‌ನ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು! ಒಂದು ಲಾರಿ ಆ ರಾತ್ರಿ ಹೊರಟಿತು. ಇನ್ನೊಂದರ ಸರಕು ಏಪ್ರಿಲ್‌ಗೆ ಹೋಯಿತು. ವಿಳಂಬಕ್ಕಾಗಿ ಗ್ರಾಹಕರು ಬಿಲ್ಲಿನಲ್ಲಿ ಮುರಿದುಕೊಂಡ ಹಣದಲ್ಲಿ ಉತ್ತಮ ಸ್ವಿಚ್‌ಗಳು ಎರಡು ಬರುತ್ತಿದ್ದವು.

ಆದುದರಿಂದ ಸ್ವಿಚ್ ಕೊಳ್ಳುವಾಗ "ಇದು ಎಷ್ಟು ವೇಗ?" ಎಂಬುದರ ಜೊತೆಗೆ "ನಮ್ಮ ಜಾಲ ಯಾವ ಕಾರಣಗಳಿಂದ ನಿಲ್ಲಬಹುದು?" ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಲೇಸು.

ಸ್ವಿಚ್‌ನ ಕಾರ್ಯವೇನು?

ಹಿಂದೆ ಬಳಕೆಯಲ್ಲಿದ್ದ ಹಬ್, ಒಂದು ಗಣಕಯಂತ್ರದಿಂದ ಬಂದ ಮಾಹಿತಿಯನ್ನು ಉಳಿದೆಲ್ಲವಕ್ಕೂ ಹಂಚುತ್ತಿತ್ತು. ಸ್ವಿಚ್ ಹಾಗಲ್ಲ. ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂಬುದನ್ನು ಕಲಿತು ನೆನಪಿಟ್ಟುಕೊಂಡು, ಊರಿನ ಅಂಚೆಯಣ್ಣನಂತೆ ಸಂಬಂಧಪಟ್ಟ ವಿಳಾಸಕ್ಕೆ ಮಾತ್ರ ತಲುಪಿಸುತ್ತದೆ. ಆದರೆ ಕೆಲವು ಸಂದೇಶಗಳು ಎಲ್ಲರಿಗೂ ಹೋಗಲೇಬೇಕಾದ ಸಾರ್ವಜನಿಕ ಪ್ರಕಟಣೆಗಳು. ಕೇಬಲ್ ಸುತ್ತು ಹಾಕಿಕೊಂಡಲ್ಲಿ ಇವು ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ಆವರಿಸಿಬಿಡುತ್ತವೆ. ನಮ್ಮಲ್ಲಿ ಆದದ್ದು ಇದೇ. ಇದಕ್ಕೆ ಪರಿಹಾರವನ್ನು ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ 1985ರಲ್ಲಿಯೇ ರೂಪಿಸಿದ್ದಾರೆ. 'ಸ್ಪ್ಯಾನಿಂಗ್ ಟ್ರೀ' ಎಂಬ ಈ ವ್ಯವಸ್ಥೆಯುಳ್ಳ ಸ್ವಿಚ್ ಸುತ್ತನ್ನು ತಾನೇ ಗುರುತಿಸಿ ಆ ದಾರಿಯನ್ನು ಮುಚ್ಚುತ್ತದೆ. ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ವೇಗದ ಲೆಕ್ಕ

ಪೆಟ್ಟಿಗೆಯ ಮೇಲೆ ನಮೂದಿಸಿರುವುದು ಬಿಟ್‌ಗಳ ಲೆಕ್ಕ. ಕಡತದ ಗಾತ್ರವನ್ನು ಅಳೆಯುವುದು ಬೈಟ್‌ಗಳಲ್ಲಿ. 8 ಬಿಟ್‌ಗೆ 1 ಬೈಟ್. 1 ಗಿಗಾಬೈಟ್ ಗಾತ್ರದ ಬ್ಯಾಕಪ್ ಕಡತವು 100 ಮೆಗಾಬಿಟ್ ಸ್ವಿಚ್‌ನಲ್ಲಿ ಸಾಗಲು ಕನಿಷ್ಠ 80 ಸೆಕೆಂಡು ಬೇಕು, 1 ಗಿಗಾಬಿಟ್ ಸ್ವಿಚ್‌ನಲ್ಲಿ 8 ಸೆಕೆಂಡು. ವಾಸ್ತವದಲ್ಲಿ ತುಸು ಹೆಚ್ಚೇ ಆದೀತು. ಹೊಸದಾಗಿ ಕೊಳ್ಳುವವರು ಗಿಗಾಬಿಟ್‌ಗಿಂತ ಕಡಿಮೆಯದನ್ನು ಆರಿಸುವ ಅಗತ್ಯವಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದು, ಸ್ವಿಚ್ ಬದಲಿಸಿದರೆ ಇಂಟರ್‌ನೆಟ್ ವೇಗ ಹೆಚ್ಚುತ್ತದೆ ಎಂಬುದು. ಹೊರಗಿನಿಂದ ಬರುವ ಸಂಪರ್ಕವೇ 50 ಮೆಗಾಬಿಟ್ ಆಗಿದ್ದರೆ ಸ್ವಿಚ್ ಅದನ್ನು ಹೆಚ್ಚಿಸಲಾರದು. ಎರಡನೆಯದು, ಎಲ್ಲ ಪೋರ್ಟ್‌ಗಳೂ ಗಿಗಾಬಿಟ್ ಆದರೆ ಸಾಕು ಎಂಬುದು. ಹತ್ತು ಗಣಕಯಂತ್ರಗಳು ಒಂದೇ ಕೇಬಲ್ ಮೂಲಕ ಸರ್ವರನ್ನು ತಲುಪುವಾಗ ಆ ಒಂದು ಕೇಬಲ್‌ನ ವೇಗವನ್ನೇ ಹಂಚಿಕೊಳ್ಳಬೇಕಾಗುತ್ತದೆ. ಸ್ವಿಚ್‌ನ ಒಟ್ಟು ಸಾಮರ್ಥ್ಯವನ್ನೂ ವಿವರಪತ್ರದಲ್ಲಿ ನೋಡಬೇಕು. 24 ಗಿಗಾಬಿಟ್ ಪೋರ್ಟ್‌ಗಳು ಎರಡೂ ದಿಕ್ಕಿನಲ್ಲಿ ಪೂರ್ಣ ವೇಗದಿಂದ ದುಡಿಯಲು 48 ಗಿಗಾಬಿಟ್ ಸಾಮರ್ಥ್ಯ ಬೇಕು.

ಕೇಬಲ್ ಕಡೆಗಣಿಸಬೇಡಿ

ಸ್ವಿಚ್ ಎಷ್ಟೇ ಉತ್ತಮವಾಗಿದ್ದರೂ ಕೇಬಲ್ ಕಳಪೆಯಾದರೆ ಪ್ರಯೋಜನವಿಲ್ಲ. ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಗಿಗಾಬಿಟ್ ವೇಗಕ್ಕೆ ಒಳಗಿನ ಎಂಟೂ ತಂತಿಗಳು ಸರಿಯಾಗಿರಬೇಕು. ಒಂದು ಜೊತೆ ಕೈಕೊಟ್ಟರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯಬಹುದು, ಅಥವಾ ಕಡಿದೇ ಹೋಗಬಹುದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಾಕಿದ ಕೇಬಲ್ ಅಗ್ಗವಾಗಿ ದೊರೆಯುತ್ತದೆ. ಅದಕ್ಕೆ ಮರುಳಾಗದೆ ಶುದ್ಧ ತಾಮ್ರದ್ದೆಂದು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ. ಮೋಟಾರು ಮತ್ತು ವೆಲ್ಡಿಂಗ್ ಯಂತ್ರಗಳ ವಿದ್ಯುತ್ ಕೇಬಲ್‌ಗಳ ಪಕ್ಕದಲ್ಲಿಯೇ ಡೇಟಾ ಕೇಬಲ್ ಎಳೆಯಬಾರದು. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಆಪ್ಟಿಕಲ್ ಫೈಬರ್ ಉತ್ತಮ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಸಿಡಿಲಿನಿಂದಾಗುವ ಹಾನಿಯ ಸಂಭವವೂ ಕಡಿಮೆ.

ವಿದ್ಯುತ್ ಮತ್ತು ಶಾಖ

ಸಿಸಿಟಿವಿ ಕ್ಯಾಮೆರಾಗಳಿಗೆ ಡೇಟಾ ಕೇಬಲ್ ಮೂಲಕವೇ ವಿದ್ಯುತ್ ನೀಡುವ 'ಪಿಒಇ' ಸ್ವಿಚ್‌ಗಳು ಇಂದು ಸಾಮಾನ್ಯ. 2003ರ ಮಾನದಂಡದಂತೆ ಪ್ರತಿ ಪೋರ್ಟಿಗೆ 15.4 ವ್ಯಾಟ್, 2009ರ ಮಾನದಂಡದಂತೆ 30 ವ್ಯಾಟ್‌ವರೆಗೆ ದೊರೆಯುತ್ತದೆ. ಆದರೆ ಎಲ್ಲ ಪೋರ್ಟ್‌ಗಳಿಗೂ ಸೇರಿ ಸ್ವಿಚ್ ನೀಡಬಲ್ಲ ಒಟ್ಟು ವಿದ್ಯುತ್ತಿಗೆ ಬೇರೆಯೇ ಮಿತಿಯಿರುತ್ತದೆ. ಕ್ಯಾಮೆರಾದ ರಾತ್ರಿ ದೀಪ ಹೊತ್ತಿಕೊಂಡಾಗ ಬಳಕೆ ಏರುತ್ತದೆ. ಹಗಲಿನ ಲೆಕ್ಕ ಹಿಡಿದು ಕೊಂಡವರ ಕ್ಯಾಮೆರಾ, ಕಳ್ಳಕಾಕರ ಭಯವಿರುವ ರಾತ್ರಿಯ ವೇಳೆಯಲ್ಲೇ ಕಣ್ಣು ಮುಚ್ಚೀತು!

ಸ್ವಿಚ್‌ನೊಡನೆ ರೂಟರ್ ಮತ್ತು ಮೋಡೆಮ್‌ಗಳನ್ನೂ ಯುಪಿಎಸ್‌ಗೆ ಜೋಡಿಸಬೇಕು. ಸರ್ವರ್‌ಗೆ ಮಾತ್ರ ಯುಪಿಎಸ್ ಇದ್ದು ಸ್ವಿಚ್‌ಗೆ ಇಲ್ಲದಿದ್ದರೆ ಕರೆಂಟು ಹೋದಾಗ ಸರ್ವರ್ ಒಂಟಿಯಾಗುತ್ತದೆ. ಲೋಹದ ಪುಡಿ ಹಾರುವ, ಬಿಸಿಯೇರುವ ಯಂತ್ರಶಾಲೆಗೆ ಕಚೇರಿಯ ಸ್ವಿಚ್ ತಕ್ಕುದಲ್ಲ. ಅಂತಹ ಕಡೆ ಫ್ಯಾನ್ ಇಲ್ಲದ, ಹೆಚ್ಚು ಶಾಖ ತಾಳಬಲ್ಲ ಕೈಗಾರಿಕಾ ದರ್ಜೆಯದನ್ನು ಬಳಸಿ.

ಯಾರಿಗೆ ಯಾವುದು?

ನಾಲ್ಕೈದು ಗಣಕಯಂತ್ರಗಳ ಅಂಗಡಿಗೆ 8 ಪೋರ್ಟಿನ ಸಾಮಾನ್ಯ ಗಿಗಾಬಿಟ್ ಸ್ವಿಚ್ ಸಾಕು. ಕೇಬಲ್ ಸುತ್ತನ್ನು ಪತ್ತೆ ಹಚ್ಚುವ ಸೌಲಭ್ಯವಿದ್ದರೆ ಒಳ್ಳೆಯದು. ಲೆಕ್ಕಪತ್ರ, ಕ್ಯಾಮೆರಾ, ಸಿಎನ್‌ಸಿ ಯಂತ್ರಗಳು ಒಂದೇ ಜಾಲದಲ್ಲಿರುವ ಘಟಕಗಳು ಸ್ಪ್ಯಾನಿಂಗ್ ಟ್ರೀ ಇರುವ, ಜಾಲವನ್ನು ವಿಭಾಗಿಸಬಲ್ಲ 'ಮ್ಯಾನೇಜ್ಡ್' ಸ್ವಿಚ್ ಕೊಳ್ಳುವುದು ಸೂಕ್ತ. ಹೀಗೆ ವಿಭಾಗಿಸಿದಾಗ ಒಂದು ವಿಭಾಗದ ತೊಂದರೆ ಇನ್ನೊಂದಕ್ಕೆ ಹರಡುವ ಸಂಭವ ಕಡಿಮೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಖರೀದಿಗೆ ಮುನ್ನ

1. ಈಗಿನ ಸಾಧನಗಳನ್ನು ಎಣಿಸಿ, ಕಾಲುಭಾಗದಷ್ಟು ಪೋರ್ಟ್‌ಗಳನ್ನು ಹೆಚ್ಚುವರಿಯಾಗಿ ಇರಿಸಿಕೊಳ್ಳಿ.
2. ಅತಿ ದೂರದ ಕೇಬಲ್‌ನ ಉದ್ದವನ್ನು ಅಳೆಯಿರಿ.
3. ಕ್ಯಾಮೆರಾಗಳ ರಾತ್ರಿ ಬಳಕೆಯ ವ್ಯಾಟ್‌ಗಳನ್ನು ಕೂಡಿಸಿ.
4. ಖಾತರಿಯ ಅವಧಿ ಮತ್ತು ಬದಲಿ ದೊರೆಯಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ.
5. ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ.

ಕೊನೆಯ ಸಲಹೆಗೆ ಖರ್ಚು ನೂರು ರೂಪಾಯಿಯೂ ಆಗದು. ಆ ಶನಿವಾರ ನಮ್ಮ ಕೇಬಲ್‌ಗೆ ಅಂತಹ ಚೀಟಿಯೊಂದಿದ್ದರೆ ಎರಡನೆಯ ಲಾರಿಯೂ ಹೊರಡುತ್ತಿತ್ತು. ಸದಸ್ಯ ಬಂಧುಗಳು ಈ ತಿಂಗಳೇ ಒಮ್ಮೆ ತಮ್ಮ ಸ್ವಿಚ್ ಇರುವ ಮೂಲೆಗೆ ಹೋಗಿ ನೋಡಬೇಕೆಂದು ವಿನಂತಿ.