ಬೇಸಿಗೆಗೆಂದು ಬೈಕಿನ ಥರ್ಮೋಸ್ಟಾಟ್ ತೆಗೆಸುವ ಮುನ್ನ

ಯುಗಾದಿ ದಾಟಿ ಏಪ್ರಿಲ್ ಬಂತೆಂದರೆ ಸೊಲ್ಲಾಪುರ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಅದೇ ಹೊತ್ತಿಗೆ ಗ್ಯಾರೇಜುಗಳಲ್ಲಿ ಒಂದು ಸಲಹೆಯೂ ಕೇಳಿಬರತೊಡಗುತ್ತದೆ: “ಗಾಡಿ ಕಾಯುತ್ತಿದೆಯೇ? ಥರ್ಮೋಸ್ಟಾಟ್ ತೆಗೆದು ಒಗೆಯಿರಿ, ನೀರು ಸರಾಗವಾಗಿ ಓಡುತ್ತದೆ, ಇಂಜಿನ್ ತಣ್ಣಗಿರುತ್ತದೆ.” ನಮ್ಮ ಶಾಲೆಗಳಲ್ಲಿ ಕಲಿತು, ಈಗ ಅಕ್ಕಲಕೋಟದಿಂದ ವಳಸಂಗ, ಕುಂಭಾರಿ ಮಾರ್ಗವಾಗಿ ಸೊಲ್ಲಾಪುರದ ಕಾಲೇಜಿಗೂ ಕೆಲಸಕ್ಕೂ ದಿನಾಲು ಸುಮಾರು 40 ಕಿಲೋಮೀಟರ್ ಓಡಾಡುವ ಹುಡುಗರು ಈ ಮಾತನ್ನು ನಂಬಿ ಹಾಗೆಯೇ ಮಾಡಿಸಿಕೊಳ್ಳುತ್ತಿದ್ದಾರೆ. ಗಾಡಿಯ ಕಂತು ಕಟ್ಟುವವರು ಪಾಲಕರು. ಆದುದರಿಂದ ಈ ಚಿಕ್ಕ ಬಿಡಿಭಾಗದ ಕೆಲಸವೇನೆಂಬುದನ್ನು ಪಾಲಕರೂ ಮಕ್ಕಳೂ ಕೂಡಿ ತಿಳಿದುಕೊಳ್ಳುವುದು ಒಳಿತೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಒಂದು ಸ್ಪಷ್ಟನೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಸ್ಪ್ಲೆಂಡರ್‌ನಂತಹ ಗಾಡಿಗಳು ಗಾಳಿಯಿಂದಲೇ ತಣಿಯುತ್ತವೆ. ಅವುಗಳಲ್ಲಿ ರೇಡಿಯೇಟರೂ ಇಲ್ಲ, ಥರ್ಮೋಸ್ಟಾಟೂ ಇಲ್ಲ. ಸ್ಪ್ಲೆಂಡರಿಗೆ ಥರ್ಮೋಸ್ಟಾಟ್ ಬದಲಿಸಿದೆವೆಂದು ಯಾರಾದರೂ ಬಿಲ್ಲು ಕೊಟ್ಟರೆ ಆ ಗ್ಯಾರೇಜಿಗೆ ದೂರದಿಂದಲೇ ನಮಸ್ಕರಿಸಿ ಬರಬೇಕು. ಈ ಲೇಖನವಿರುವುದು ದ್ರವದಿಂದ ತಣಿಯುವ ಇಂಜಿನ್ನುಗಳ ಕುರಿತು. ನಮ್ಮ ದೇಶದಲ್ಲಿ 2008ರಲ್ಲಿ ಬಂದ ಯಮಾಹಾ ಆರ್‌15, 2012ರಲ್ಲಿ ಬಂದ ಕೆಟಿಎಂ ಡ್ಯೂಕ್ 200 ಮತ್ತು ಬಜಾಜ್ ಪಲ್ಸರ್ 200 ಎನ್‌ಎಸ್ ಮುಂತಾದವು ಈ ಬಗೆಯವು. ಹುಡುಗರ ಕಣ್ಣು ಬೀಳುವುದು ಇಂತಹ ಗಾಡಿಗಳ ಮೇಲೆಯೇ.

ಇವುಗಳಲ್ಲಿ ಕೂಲಂಟ್ ಎಂಬ ದ್ರವವು ಇಂಜಿನ್ನಿನ ಒಳಗೋಡೆಗಳ ಸುತ್ತ ಹರಿದು ಬಿಸಿಯನ್ನು ಹೀರಿಕೊಂಡು, ಮುಂದಿರುವ ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಒಪ್ಪಿಸಿ ಮರಳುತ್ತದೆ. ಈ ದಾರಿಯ ನಡುವೆ ಇರುವ ಬಾಗಿಲೇ ಥರ್ಮೋಸ್ಟಾಟ್. ಅದರ ನಡುವಿನಲ್ಲಿ ಮೇಣ ತುಂಬಿದ ಲೋಹದ ಪುಟ್ಟ ಡಬ್ಬಿಯಿದೆ. ಕೂಲಂಟ್ ಕಾದಂತೆ ಮೇಣ ಕರಗಿ ಹಿಗ್ಗುತ್ತದೆ, ಹಿಗ್ಗಿದ ಮೇಣ ಒಂದು ಕಡ್ಡಿಯನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ತಣಿದಾಗ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಬಾಗಿಲನ್ನು ಮುಚ್ಚುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ. ಸರ್ಜಿಯಸ್ ವೆರ್ನೆ ಎಂಬವರು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಈ ಯುಕ್ತಿಯು ಕಾರು, ಟ್ರ್ಯಾಕ್ಟರ್, ಬೈಕುಗಳಲ್ಲಿ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಬಾಗಿಲು ತೆರೆಯತೊಡಗುವ ಉಷ್ಣತೆ ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ 70ರಿಂದ 85 ಡಿಗ್ರಿಯೊಳಗಿರುತ್ತದೆ. ಇನ್ನು 10–15 ಡಿಗ್ರಿ ಏರಿದರೆ ಅದು ಪೂರ್ತಿ ತೆರೆದುಕೊಂಡಿರುತ್ತದೆ. ಪಾಲಕರು ಗಮನಿಸಬೇಕಾದ ಮುಖ್ಯ ಸಂಗತಿ ಇದೇ. ಮೇ ತಿಂಗಳ ಮಧ್ಯಾಹ್ನ ವಳಸಂಗದ ರಸ್ತೆಯಲ್ಲಿ ಓಡುವ ಗಾಡಿಯ ಥರ್ಮೋಸ್ಟಾಟ್ ಸರಿಯಾಗಿದ್ದರೆ ಅದು ಆಗಲೇ ಬಾಗಿಲು ತೆರೆದುಕೊಂಡೇ ಇದೆ. ತೆರೆದ ಬಾಗಿಲನ್ನು ಕಿತ್ತು ಒಗೆದರೆ ಬರುವ ಗಾಳಿ ಎಷ್ಟು ಹೆಚ್ಚೀತು?

ನಷ್ಟವಾಗುವುದು ಬೆಳಗಿನ ಹೊತ್ತು. ಡಿಸೆಂಬರಿನಲ್ಲಿ ನಮ್ಮ ಭಾಗದ ಬೆಳಗು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಥರ್ಮೋಸ್ಟಾಟ್ ಇಲ್ಲದ ಗಾಡಿಯಲ್ಲಿ ಕೂಲಂಟ್ ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಹರಿಯುವುದರಿಂದ ಇಂಜಿನ್ ಬೇಗ ಬೆಚ್ಚಗಾಗದು. ಫ್ಯುಯಲ್ ಇಂಜೆಕ್ಷನ್ ಇರುವ ಗಾಡಿಯಾದರೆ, ಇಂಜಿನ್ ಇನ್ನೂ ತಣ್ಣಗಿದೆಯೆಂದು ಸೆನ್ಸರ್ ತಿಳಿಸುತ್ತಲೇ ಇರುತ್ತದೆ, ಗಾಡಿ ಹೆಚ್ಚು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಸುಡದೆ ಉಳಿದ ಪೆಟ್ರೋಲೂ ಉಸಿರಿನ ತೇವದಂತೆ ಒಳಗೆ ಕೂಡುವ ನೀರಿನ ಅಂಶವೂ ಇಂಜಿನ್ ಆಯಿಲ್‌ಗೆ ಸೇರಿ ಅದನ್ನು ಕೆಡಿಸುತ್ತವೆ. ಊರಿನಿಂದ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಗೆ ಈ ಹಾನಿ ಇನ್ನೂ ಹೆಚ್ಚು. ಇನ್ನೊಂದು ಅಪಾಯವೂ ಇದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ತೆರೆಯುವಾಗಲೇ ಒಳಗಿನ ಅಡ್ಡದಾರಿಯೊಂದನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿ ಕೂಲಂಟಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಮರಳುತ್ತದೆ. ತಣಿಸಲೆಂದು ಮಾಡಿದ ಉಪಾಯದಿಂದಲೇ ಗಾಡಿ ಕಾಯುತ್ತದೆ.

ಹಾಗಾದರೆ ಗಾಡಿ ಕಾಯುವುದೇಕೆ? ಕೂಲಂಟ್ ಇಳಿದಿರಬಹುದು, ಫ್ಯಾನ್ ತಿರುಗದಿರಬಹುದು, ರೇಡಿಯೇಟರಿನ ಎಲೆಗಳಲ್ಲಿ ಕೆಸರು ಕೂತಿರಬಹುದು. ಗುರುಪೂರ್ಣಿಮೆಯ ದಿನ ಅಕ್ಕಲಕೋಟದ ಜನದಟ್ಟಣೆಯಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲುವ ಗಾಡಿಗೆ ಎದುರುಗಾಳಿಯಿಲ್ಲ. ಆಗ ಫ್ಯಾನೇ ಆಧಾರ. ನಮ್ಮ ಭಾಗದ ಮತ್ತೊಂದು ಪೀಡೆ ಬೋರ್‌ವೆಲ್ಲಿನ ಗಡಸು ನೀರು. ಹಂಡೆಯ ತಳದಲ್ಲಿ ಕೂರುವ ಬಿಳಿಯ ಹೊಪ್ಪಳೆಯೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಥರ್ಮೋಸ್ಟಾಟಿನ ಮೇಲೂ ಕೂರುತ್ತದೆ. ಹಿಮ ಬೀಳದ ಊರಿಗೆ ಕೂಲಂಟ್ ಏಕೆಂದು ಕೆಲವರು ಕೇಳುತ್ತಾರೆ. ತುಕ್ಕು ತಡೆಯುವ ಔಷಧ ಅದರಲ್ಲಿದೆ. ಅರ್ಧದಷ್ಟು ಗ್ಲೈಕಾಲ್ ಬೆರೆತ ದ್ರವ ನೀರಿಗಿಂತ ತಡವಾಗಿ, ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನಂತೆ ಒತ್ತಡ ಹಿಡಿದಿಡುವುದರಿಂದ ಕುದಿಯುವ ಮಟ್ಟ ಇನ್ನೂ ಮೇಲೇರುತ್ತದೆ.

ಇವೆಲ್ಲ ಸರಿಯಿದ್ದೂ ಗಾಡಿ ಹೊರಟ ಸ್ವಲ್ಪ ಹೊತ್ತಿನಲ್ಲೇ ಇಂಜಿನ್ ಅತಿಯಾಗಿ ಕಾದು, ರೇಡಿಯೇಟರ್ ಮಾತ್ರ ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು. ಎಷ್ಟು ಓಡಿಸಿದರೂ ಕಾವು ಏರದಿದ್ದರೆ ತೆರೆದೇ ಸಿಕ್ಕಿಕೊಂಡಿರಬಹುದು. ಇದನ್ನು ಊಹಿಸಬೇಕಾಗಿಲ್ಲ, ಪ್ರಯೋಗದಿಂದ ನೋಡಬಹುದು. ತೆಗೆದ ಥರ್ಮೋಸ್ಟಾಟನ್ನು ಹಳೆಯ ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರದಿಂದ ತೂಗುಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕ ಇಳಿಸಿ ನಿಧಾನವಾಗಿ ಕಾಯಿಸಬೇಕು. ಉಷ್ಣಮಾಪಕ ಪ್ರಯೋಗಶಾಲೆಯದೇ ಆಗಿರಬೇಕು. ಜ್ವರ ನೋಡುವುದನ್ನು ಇಳಿಸಿದರೆ ಅದು ಒಡೆಯುತ್ತದೆ. ಅಂಚಿನಲ್ಲಿ ಕೆತ್ತಿರುವ ಅಂಕಿಯ ಹತ್ತಿರ ಬಾಗಿಲು ತೆರೆಯತೊಡಗಬೇಕು, ತಣಿದಾಗ ಪೂರ್ತಿ ಮುಚ್ಚಬೇಕು. ನೀರು ಕುದಿದರೂ ಅಲುಗದಿದ್ದರೆ ಅದರ ಆಯುಷ್ಯ ಮುಗಿದಿದೆ. ಸೊಲ್ಲಾಪುರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕಿಂತ ಒಂದೂವರೆ ಡಿಗ್ರಿ ಕೆಳಗೇ ಕುದಿಯುತ್ತದೆಂಬುದನ್ನೂ ಮಕ್ಕಳು ಅದೇ ಪಾತ್ರೆಯಲ್ಲಿ ಕಾಣಬಹುದು.

ಈ ಪ್ರಯೋಗವನ್ನು ಶಾಲೆಯಲ್ಲಿಯೇ ಮಾಡಿ ತೋರಿಸಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಾಲಭಾರತಿಯ ಕನ್ನಡ ವಿಜ್ಞಾನ ಪುಸ್ತಕದಲ್ಲಿ ನಮ್ಮ ಮಕ್ಕಳು ‘ಹಿಗ್ಗುವಿಕೆ’ಯನ್ನು ಓದುತ್ತಾರೆ. ಹತ್ತನೆಯ ತರಗತಿ ಮುಗಿಸಿ ಐಟಿಐ ಅಥವಾ ಗ್ಯಾರೇಜು ಸೇರಿದಾಗ ಅದೇ ಸಂಗತಿಗೆ ಮರಾಠಿಯಲ್ಲಿ ‘ಪ್ರಸರಣ’ ಎಂಬ ಮಾತು ಕೇಳುತ್ತಾರೆ. ಕನ್ನಡದ ಕಿವಿಗೆ ಪ್ರಸರಣವೆಂದರೆ ಹರಡುವುದು. ಕಲಿತ ಪಾಠವೇ ಎದುರಿಗಿದ್ದರೂ ಹುಡುಗನಿಗೆ ಗುರುತು ಸಿಗದು. ಕನ್ನಡ ಶಾಲೆಯವನಿಗೆ ತಿಳಿಯದೆಂದು ಪಕ್ಕದವರು ತೀರ್ಮಾನಿಸುತ್ತಾರೆ. ಮೇಣ ಹಿಗ್ಗಿ ಬಾಗಿಲು ತೆರೆಯುವುದನ್ನು ಒಮ್ಮೆ ಕಣ್ಣಾರೆ ಕಂಡವನು ಎರಡೂ ಮಾತುಗಳನ್ನು ಒಂದೇ ವಸ್ತುವಿಗೆ ಕಟ್ಟಿಕೊಳ್ಳುತ್ತಾನೆ.

ಬದಲಿಸುವ ಕೆಲಸ ಕಠಿಣವಲ್ಲ, ಆದರೆ ಅವಸರ ಸಲ್ಲದು. ಇಂಜಿನ್ ರಾತ್ರಿಯಿಡೀ ತಣಿದಿರಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ; ದಾರಿಯಲ್ಲಿ ಗಾಡಿ ಕಾದು ನಿಂತಾಗಲೂ ಇದನ್ನು ಮರೆಯಬಾರದು. ಹಳೆಯ ಕೂಲಂಟನ್ನು ಪಾತ್ರೆಗೆ ಇಳಿಸಿಕೊಂಡು, ಥರ್ಮೋಸ್ಟಾಟ್ ಇರುವ ಗೂಡಿನ ಬೋಲ್ಟುಗಳನ್ನು ಬಿಚ್ಚಬೇಕು. ಹಳೆಯದು ಯಾವ ದಿಕ್ಕಿಗೆ ಕೂತಿತ್ತೆಂಬುದನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು. ಅಂಚಿನಲ್ಲಿ ಗಾಳಿ ಹೋಗುವ ಚಿಕ್ಕ ತೂತು ಇದ್ದರೆ ಅದು ಸಾಮಾನ್ಯವಾಗಿ ಮೇಲ್ಬದಿಗೆ ಬರುತ್ತದೆ. ಅದೇ ಮಾದರಿಯ, ಅದೇ ಅಂಕಿಯ ಹೊಸದನ್ನು ಹೊಸ ರಬ್ಬರ್ ರಿಂಗಿನೊಂದಿಗೆ ಕೂರಿಸಬೇಕು. ಗೂಡು ಅಲ್ಯುಮಿನಿಯಂನದು, ಪಾನಾದ ಮೇಲೆ ತೋಳ್ಬಲ ತೋರಿಸಿದರೆ ಒಳಗಿನ ಮರೆ ಸವೆದು ಹೋಗುತ್ತದೆ. ಕಂಪನಿ ಹೇಳಿದ ಬಗೆಯ, ನೀರು ಬೆರೆಸುವ ಅಗತ್ಯವಿಲ್ಲದ ಸಿದ್ಧ ಕೂಲಂಟ್ ಸುರಿದು, ಗಾಡಿಯನ್ನು ಎಡಬಲಕ್ಕೆ ಮೆಲ್ಲನೆ ವಾಲಿಸಿ, ಇಂಜಿನ್ ಕೆಲ ಹೊತ್ತು ನಡೆಸಿ ಗುಳ್ಳೆಗಳು ಹೊರಬರಲು ಬಿಡಬೇಕು. ಒಳಗೆ ಗಾಳಿ ಉಳಿದರೆ ಹೊಸ ಥರ್ಮೋಸ್ಟಾಟ್ ಇದ್ದೂ ಗಾಡಿ ಕಾಯುತ್ತದೆ. ನಂತರ ಮುಚ್ಚಳ ಹಾಕಿ ಫ್ಯಾನ್ ತಿರುಗುವವರೆಗೆ ನಡೆಸಿ ನೋಡಬೇಕು. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಬೇಕು.

ಇಳಿಸಿದ ಕೂಲಂಟನ್ನು ಅಂಗಳದಲ್ಲಾಗಲಿ ಚರಂಡಿಗಾಗಲಿ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ನಾಯಿ, ಆಡು, ಚಿಕ್ಕ ಮಕ್ಕಳು ರುಚಿ ನೋಡುವ ಸಂಭವವಿದೆ. ಅದು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣ ತೆಗೆಯಬಲ್ಲ ವಿಷ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಮೇಲೆ ಹೆಸರು ಬರೆದು, ಹಳೆಯ ಆಯಿಲ್ ಮತ್ತು ಕೂಲಂಟ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಬೇಕು. ಪ್ರಯೋಗಕ್ಕೆ ಬಳಸಿದ ಪಾತ್ರೆಯನ್ನೂ ಮರಳಿ ಅಡುಗೆಮನೆಗೆ ಒಯ್ಯಬಾರದು.