ಹಿರಿಯ ಮಗುವಿನ ಮನಸ್ಸು

ಮನೆಗೆ ಹೊಸ ಕೂಸು ಬಂದೊಡನೆ ನಾವೆಲ್ಲರೂ ತೊಟ್ಟಿಲ ಸುತ್ತ ನೆರೆಯುತ್ತೇವೆ. ನಿನ್ನೆಯವರೆಗೆ ಮಡಿಲಲ್ಲಿದ್ದ ಹಿರಿಯ ಮಗು ದೂರ ನಿಂತು ನೋಡುತ್ತದೆ. ವಿಯೆನ್ನಾದ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ (1870–1937) ಅವರು ಈ ಸ್ಥಿತಿಯನ್ನು ಸಿಂಹಾಸನ ಕಳೆದುಕೊಳ್ಳುವುದಕ್ಕೆ ಹೋಲಿಸಿದರು. ಬಿಟ್ಟುಹೋಗಿದ್ದ ಬೆರಳು ಚೀಪುವ ಅಭ್ಯಾಸ ಮರಳಬಹುದು, ಹಾಸಿಗೆ ಒದ್ದೆಯಾಗಬಹುದು, ಹಟ ಹೆಚ್ಚಬಹುದು. ನಾವು ಇದನ್ನು ತುಂಟತನವೆಂದು ಗದರಿಸುತ್ತೇವೆ. ಮಗುವಾದರೋ, ‘ನಾನಿನ್ನೂ ನಿಮಗೆ ಬೇಕೇ?’ ಎಂದು ಕೇಳುತ್ತಿರುತ್ತದೆ.

‘ನೀನೀಗ ದೊಡ್ಡವನು’ ಎಂಬ ಮಾತು ಇದಕ್ಕೆ ಉತ್ತರವಾಗಲಾರದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 40 ಕುಟುಂಬಗಳನ್ನು ಪರಿಶೀಲಿಸಿ ಜೂಡಿ ಡನ್ ಮತ್ತು ಕೆರೊಲ್ ಕೆಂಡ್ರಿಕ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥವು ಒಂದು ದಾರಿಯನ್ನು ತೋರಿಸುತ್ತದೆ. ಕೂಸಿಗೂ ಹಸಿವು, ಇಷ್ಟಾನಿಷ್ಟಗಳುಂಟೆಂದು ತಾಯಿ ಹಿರಿಯ ಮಗುವಿನೊಡನೆ ಮಾತನಾಡುತ್ತಿದ್ದ ಮನೆಗಳಲ್ಲಿ ಮಕ್ಕಳ ಸ್ನೇಹವು ಹೆಚ್ಚು ಬೆಳೆದಿತ್ತು.

ನಗರವಾಸಿಗಳಾದ ನಮ್ಮಲ್ಲಿ ತಾಯಿ ಹೆರಿಗೆಗೆ ತವರಿಗೆ ಹೋದಾಗ, ಶಾಲೆ ತಪ್ಪಬಾರದೆಂದು ಹಿರಿಯ ಮಗುವನ್ನು ತಂದೆಯೊಡನೆ ಇಲ್ಲಿಯೇ ಉಳಿಸುವುದುಂಟು. ಆಗ ಅಗಲಿಕೆಯ ದುಃಖವೂ ಸೇರುತ್ತದೆ. ಆದ್ದರಿಂದ ಹೋಗುವ ಕಾರಣವನ್ನೂ ಮರಳುವ ಕಾಲವನ್ನೂ ಮೊದಲೇ ತಿಳಿಸಬೇಕು. ಮರಳಿದ ಮೇಲೆ, ಕೂಸನ್ನು ಇನ್ನೊಬ್ಬರ ಕೈಗಿತ್ತು, ದಿನಕ್ಕೆ ಕಾಲು ಗಂಟೆಯಾದರೂ ಹಿರಿಯ ಮಗುವಿನ ತಲೆ ಬಾಚುತ್ತ ಅದರ ಮಾತು ಕೇಳಬೇಕು. ಪ್ರೀತಿಯು ರೊಟ್ಟಿಯಂತೆ ಹಂಚಿದರೆ ಕಡಿಮೆಯಾಗುವುದಿಲ್ಲವೆಂಬುದು ನಮಗೆ ಗೊತ್ತು. ಮಗುವಿಗೆ ಅದು ತಿಳಿಯುವುದು ನಾವು ಕೊಡುವ ಹೊತ್ತಿನಿಂದ.